ಟಿಮ್ ಕುಕ್ ಮೇಲಿದ್ದ ಗೌರವ ಹೊರಟುಹೋಗಿದೆ, ನಿಮಗೂ ಹಾಗೇ ಅನಿಸುತ್ತಿದೆಯಾ?

ಚಿಂತಾಮಣಿ_ಕೋಡರ್

ಸ್ವಲ್ಪ ಉದ್ದ ಇದೆ, ಪೂರ್ತಿ ಓದಿ.

ಆಪಲ್ ಮೇಲೆ ನನಗೆ ಅಭಿಮಾನ ಹುಟ್ಟಿದ್ದು 2016ರ ಫೆಬ್ರುವರಿಯಲ್ಲಿ. ಅಮೆರಿಕದ ಸ್ಯಾನ್ ಬರ್ನಾರ್ಡಿನೋದಲ್ಲಿ 14 ಜನರನ್ನು ಕೊಂದವನ ಐಫೋನ್ ತೆರೆಯಬೇಕು, ಅದಕ್ಕೆ ಬೇರೆ ಸಾಫ್ಟ್‌ವೇರ್ ಬರೆದುಕೊಡಿ ಅಂತ ಎಫ್‌ಬಿಐ ಕೋರ್ಟ್ ಆದೇಶ ತಂದಿತ್ತು. ಟಿಮ್ ಕುಕ್ ಆಗಲ್ಲ ಅಂದರು. ಇವತ್ತು ಒಂದು ಫೋನಿಗೆ ಹಿಂಬಾಗಿಲು ಮಾಡಿದರೆ ನಾಳೆ ಎಲ್ಲರ ಫೋನಿಗೂ ಅದೇ ಗತಿ ಅಂತ ಗ್ರಾಹಕರಿಗೆ ಬಹಿರಂಗ ಪತ್ರ ಬರೆದರು. ಆಗ ಚುನಾವಣಾ ಪ್ರಚಾರದಲ್ಲಿದ್ದ ಟ್ರಂಪ್, ಆಪಲ್ ವಸ್ತುಗಳನ್ನು ಬಹಿಷ್ಕರಿಸಿ ಅಂತ ಕರೆ ಕೊಟ್ಟರು. ಕುಕ್ ಜಗ್ಗಲಿಲ್ಲ. ಕೊನೆಗೆ ಎಫ್‌ಬಿಐ ಬೇರೆ ದಾರಿಯಲ್ಲಿ ಫೋನ್ ತೆರೆದು ಕೇಸ್ ವಾಪಸ್ ತೆಗೆದುಕೊಂಡಿತು. ಒಂದು ಸರ್ಕಾರಕ್ಕೆ ಎದುರು ನಿಂತು ಮಾತಾಡುವ ಸಿಇಒ ಇದ್ದಾರಲ್ಲ ಅಂತ ತುಂಬಾ ಖುಷಿಪಟ್ಟಿದ್ದೆ.

ಅದಕ್ಕೂ ಮೊದಲು, 2014ರಲ್ಲಿ, ತಾನು ಗೇ ಅಂತ ಬಹಿರಂಗವಾಗಿ ಬರೆದುಕೊಂಡವರು ಅವರು. ಆಫೀಸಿನಲ್ಲಿ ಮಾರ್ಟಿನ್ ಲೂಥರ್ ಕಿಂಗ್, ರಾಬರ್ಟ್ ಕೆನಡಿ ಫೋಟೋ ಇಟ್ಟುಕೊಂಡಿದ್ದೇನೆ ಅಂತಲೂ ಅದರಲ್ಲೇ ಹೇಳಿದ್ದರು.

ಈಗ 2025ಕ್ಕೆ ಬನ್ನಿ. ಜನವರಿಯಲ್ಲಿ ಟ್ರಂಪ್ ಪ್ರಮಾಣವಚನ ಸಮಾರಂಭಕ್ಕೆ ಸ್ವಂತ ದುಡ್ಡಿನಿಂದ 10 ಲಕ್ಷ ಡಾಲರ್ ಕೊಟ್ಟರು ಅಂತ ಸುದ್ದಿ ಬಂತು. ಸಮಾರಂಭಕ್ಕೂ ಹೋಗಿ ಕೂತರು. ಆಗಸ್ಟ್ 6ರಂದು ಶ್ವೇತಭವನದಲ್ಲಿ ಕ್ಯಾಮೆರಾಗಳ ಮುಂದೆ, ತಾವೇ ಪೆಟ್ಟಿಗೆ ಬಿಚ್ಚಿ, 24 ಕ್ಯಾರಟ್ ಚಿನ್ನದ ಪೀಠದ ಮೇಲೆ ಟ್ರಂಪ್ ಹೆಸರಿರುವ ಗಾಜಿನ ಫಲಕ ಜೋಡಿಸಿ ಕಾಣಿಕೆ ಕೊಟ್ಟರು. ಅದೇ ದಿನ ಟ್ರಂಪ್ ಭಾರತದ ಸರಕಿನ ಮೇಲೆ ಇನ್ನೂ ಶೇ. 25 ಸುಂಕ ಹೇರುವ ಆದೇಶಕ್ಕೆ ಸಹಿ ಹಾಕಿದರು. ಆ ವಿಡಿಯೊ ನೋಡಿದಾಗ ಹೊಟ್ಟೆ ತೊಳಸಿದಂತಾಯಿತು.

ಕಂಪನಿ ನಡೆಸುವವರು ಸರ್ಕಾರದ ಜೊತೆ ಹೊಂದಿಕೊಂಡು ಹೋಗಬೇಕು, ಅದು ಗೊತ್ತು. ಆದರೆ ಎಲ್ಲಿಯವರೆಗೆ? ನಿಮಗೆ ಏನನಿಸುತ್ತೆ?

ನಂದಿಬೆಟ್ಟದ_ಕೆಳಗೆ

ಸರ್, ನಿಮ್ಮ ಬೇಜಾರು ಅರ್ಥ ಆಗುತ್ತೆ, ಆದರೆ ನಮ್ಮ ಕಡೆಯಿಂದ ಒಮ್ಮೆ ನೋಡಿ. ದೇವನಹಳ್ಳಿ-ದೊಡ್ಡಬಳ್ಳಾಪುರ ಕಡೆ ಆಪಲ್‌ಗೆ ಐಫೋನ್ ಜೋಡಿಸಿಕೊಡುವ ಫಾಕ್ಸ್‌ಕಾನ್ ಕಂಪನಿಯ ಫ್ಯಾಕ್ಟರಿ ಬಂದಿದೆ, ಐಫೋನ್ 17 ಅಲ್ಲಿ ತಯಾರಾಗುತ್ತಿದೆ. ಅತ್ತ ಕೋಲಾರದ ನರಸಾಪುರದಲ್ಲಿ ಟಾಟಾದವರದ್ದಿದೆ. ಪಿಯುಸಿ, ಐಟಿಐ ಮುಗಿಸಿದ ಹೆಣ್ಣುಮಕ್ಕಳು ದೂರದ ಜಿಲ್ಲೆಗಳಿಂದ ಬಂದು ಸಂಬಳ ಎಣಿಸುತ್ತಿದ್ದಾರೆ.

2025ರ ಮೇ ತಿಂಗಳಲ್ಲಿ ದೋಹಾದಲ್ಲಿ ಟ್ರಂಪ್ ಏನಂದರು ನೆನಪಿದೆಯಾ? ನೀವು ಭಾರತದಲ್ಲಿ ಫ್ಯಾಕ್ಟರಿ ಕಟ್ಟೋದು ನನಗೆ ಬೇಡ ಅಂತ ಕುಕ್‌ಗೆ ಹೇಳಿದ್ದೇನೆ ಅಂದರು. ಎಂಟೇ ದಿನದಲ್ಲಿ, ಅಮೆರಿಕದಲ್ಲಿ ಮಾಡದ ಐಫೋನಿಗೆ ಶೇ. 25 ಸುಂಕ ಅಂತ ಬೆದರಿಕೆ. ಆದರೂ ಇಲ್ಲಿನ ಕೆಲಸ ನಿಲ್ಲಲಿಲ್ಲ. ಭಾರತದ ಸೀಗಡಿ, ಬಟ್ಟೆಗೆ ಒಟ್ಟು ಶೇ. 50 ಬಿತ್ತು, ಫೋನಿಗೆ ಬೀಳಲಿಲ್ಲ. ಅಮೆರಿಕದಲ್ಲಿ 60,000 ಕೋಟಿ ಡಾಲರ್ ಹೂಡುತ್ತೇನೆ ಅಂದಿದ್ದು, ಆ ಚಿನ್ನದ ಕಾಣಿಕೆ, ಎಲ್ಲವೂ ಇದಕ್ಕೇ ಅಲ್ವಾ? ಅವರು ಮುಖ ಗಂಟು ಹಾಕಿಕೊಂಡು ಮನೆಯಲ್ಲಿ ಕೂತಿದ್ದರೆ ಪೆಟ್ಟು ತಿನ್ನುತ್ತಿದ್ದವರು ನಮ್ಮ ಹುಡುಗಿಯರು. ಅದಕ್ಕೇ ನನಗೆ ಅವರ ಮೇಲೆ ಕೋಪ ಬರಲ್ಲ.

ಸನ್ನಿವೇಲ್_ಕನ್ನಡತಿ

ನನಗೆ ಗೌರವ ಹೋಗಿ ಬಹಳ ವರ್ಷ ಆಯಿತು. ಚಿನ್ನ ನೋಡಿ ಈಗ ಎಲ್ಲರೂ ಬೆಚ್ಚಿಬಿದ್ದಿದ್ದಾರೆ, ಆದರೆ ಅಭ್ಯಾಸ ಶುರುವಾಗಿದ್ದು ಚೀನಾದಲ್ಲಿ. 2017ರಲ್ಲಿ ಅಲ್ಲಿನ ಆ್ಯಪ್ ಸ್ಟೋರ್‌ನಿಂದ, ಸರ್ಕಾರದ ತಡೆ ದಾಟಿ ಇಂಟರ್ನೆಟ್ ನೋಡಲು ಬಳಸುವ ವಿಪಿಎನ್ ಆ್ಯಪ್‌ಗಳನ್ನು ತೆಗೆದರು. 2018ರಲ್ಲಿ ಚೀನಾದ ಬಳಕೆದಾರರು ಐಕ್ಲೌಡ್‌ನಲ್ಲಿ (ಆಪಲ್‌ನ ಆನ್‌ಲೈನ್ ಸಂಗ್ರಹ) ಇಟ್ಟಿದ್ದ ಡೇಟಾ ಗುಯಿಝೌ ಪ್ರಾಂತ್ಯದ ಸರ್ಕಾರಿ ಒಡೆತನದ ಕಂಪನಿಗೆ ಹೋಯಿತು, ಅದನ್ನು ತೆರೆಯುವ ಕೀಗಳೂ ಚೀನಾಕ್ಕೇ ಹೋದವು. ಎಫ್‌ಬಿಐಗೆ ಬೇಡ ಅಂದು ಎರಡು ವರ್ಷ ಅಷ್ಟೇ ಆಗಿತ್ತು. ಆ ದೇಶದ ಕಾನೂನು ಪಾಲಿಸಬೇಕು ಅನ್ನೋದು ಅವರ ಉತ್ತರ. ಸರಿ, ಒಪ್ಪೋಣ.

ಆದರೆ ಈ ಎರಡನ್ನು ಪಕ್ಕಪಕ್ಕ ಇಟ್ಟು ನೋಡಿ. 2019ರ ಅಕ್ಟೋಬರ್‌ನಲ್ಲಿ ಹಾಂಗ್‌ಕಾಂಗ್ ಪ್ರತಿಭಟನೆ ನಡೆಯುವಾಗ, ಪೊಲೀಸರು ಎಲ್ಲಿದ್ದಾರೆ ಅಂತ ಜನ ನಕ್ಷೆಯಲ್ಲಿ ಗುರುತು ಹಾಕುವ ಎಚ್‌ಕೆಮ್ಯಾಪ್ ಆ್ಯಪನ್ನು ಆಪಲ್ ತೆಗೆಯಿತು. ಕಾರಣ, ಪೊಲೀಸರಿಗೆ ಅಪಾಯ. 2025ರ ಅಕ್ಟೋಬರ್‌ನಲ್ಲಿ, ವಲಸಿಗರನ್ನು ಹಿಡಿಯುವ ಐಸ್ ಅಧಿಕಾರಿಗಳು ಎಲ್ಲಿದ್ದಾರೆ ಅಂತ ತಿಳಿಸುವ ಐಸ್‌ಬ್ಲಾಕ್ ಆ್ಯಪನ್ನು ತೆಗೆಯಿತು. ಕಾರಣ, ಅಧಿಕಾರಿಗಳಿಗೆ ಅಪಾಯ. ಇದಕ್ಕೆ ಕೋರ್ಟ್ ಆದೇಶ ಇರಲಿಲ್ಲ. ಆಗ ಅಮೆರಿಕದ ಅಟಾರ್ನಿ ಜನರಲ್ ಆಗಿದ್ದ ಪ್ಯಾಮ್ ಬಾಂಡಿ ಕಡೆಯವರು ಕೇಳಿದರು, ಇವರು ತೆಗೆದರು. ಬೀಜಿಂಗ್‌ಗೆ ಹೇಳಿದ ಮಾತನ್ನೇ ವಾಷಿಂಗ್ಟನ್‌ಗೂ ಹೇಳಿದರು. 2016ರಲ್ಲಿ ಕೋರ್ಟ್ ಆದೇಶ ಇದ್ದಾಗಲೂ ಬೇಡ ಅಂದವರು ಈಗ ಬರೀ ಒಂದು ಕೋರಿಕೆಗೆ ಆಯಿತು ಅಂದರು. ಪೊಲೀಸರು ರಸ್ತೆಯಲ್ಲಿ ಏನು ಮಾಡುತ್ತಾರೆ ಅಂತ ಪಕ್ಕದ ಮನೆಯವರಿಗೆ ಹೇಳುವ ಹಕ್ಕು ನಾನಿರುವ ಅಮೆರಿಕದಲ್ಲಿದೆ. ಅದನ್ನು ಕಾಪಾಡುವ ಶಕ್ತಿ ಯಾರಿಗಾದರೂ ಇದ್ದರೆ ಅದು ಆಪಲ್‌ನಂಥ ಕಂಪನಿಗೇ.

ಇಲ್ಲಿ ವೀಸಾ ಮೇಲಿರುವ ನಮ್ಮವರು ಏನೂ ಬರೆಯಲು ಹೆದರುತ್ತಾರೆ. ಹೊಸ ಎಚ್1ಬಿ ಉದ್ಯೋಗ ವೀಸಾ ಅರ್ಜಿಗೆ 1 ಲಕ್ಷ ಡಾಲರ್ ಶುಲ್ಕ ಅಂತ 2025ರ ಸೆಪ್ಟೆಂಬರ್‌ನಲ್ಲಿ ಬಂದಾಗ ಊರಿಗೆ ರಜೆಗೆ ಹೋಗಿದ್ದವರೆಲ್ಲ ಗಾಬರಿಬಿದ್ದು ವಿಮಾನ ಹುಡುಕಿದರು. ಹೆದರುವುದಕ್ಕೆ ನಮಗೆ ಕಾರಣ ಇದೆ. ಟಿಮ್ ಕುಕ್‌ಗೆ ಏನು ಕಾರಣ?

ಹುಬ್ಳಿಯಾಂವ

ಅಕ್ಕಾರ ಹೇಳಿದ್ದು ಸರಿ ಇದೆ, ಒಂದು ಮಾತು ಸೇರಿಸುತ್ತೇನೆ. ಮನುಷ್ಯನ ಮೇಲಿನ ಗೌರವ ಬೇರೆ, ಆ ಕಂಪನಿಯ ಎಂಜಿನಿಯರ್‌ಗಳ ಕೆಲಸ ಬೇರೆ ಇಡಿ. 2023ರ ಅಕ್ಟೋಬರ್ 31ರಂದು ನಮ್ಮ ವಿರೋಧ ಪಕ್ಷದ ಸಂಸದರಿಗೆ, ಪತ್ರಕರ್ತರಿಗೆ, ನಿಮ್ಮ ಫೋನಿಗೆ ಯಾವುದೋ ಸರ್ಕಾರದ ಬೆಂಬಲ ಇರುವ ಹ್ಯಾಕರ್‌ಗಳು ಕೈಹಾಕಿರಬಹುದು ಅಂತ ಎಚ್ಚರಿಕೆ ಹೋಗಿದ್ದು ಆಪಲ್‌ನಿಂದಲೇ. ಇಲ್ಲಿ ಫ್ಯಾಕ್ಟರಿ ಕಟ್ಟುತ್ತಿದ್ದ ಹೊತ್ತಿನಲ್ಲೇ ಕಳಿಸಿದರು. ಬ್ರಿಟನ್ ಸರ್ಕಾರ ಐಕ್ಲೌಡ್‌ಗೆ ಹಿಂಬಾಗಿಲು ಕೇಳಿದಾಗ, ಅದನ್ನು ಮಾಡಿಕೊಡುವ ಬದಲು ಹೆಚ್ಚಿನ ಗೂಢಲಿಪಿ ರಕ್ಷಣೆಯ ಸೌಲಭ್ಯವನ್ನೇ 2025ರ ಫೆಬ್ರುವರಿಯಲ್ಲಿ ಅಲ್ಲಿ ನಿಲ್ಲಿಸಿದರು. ಹಾಗಾಗಿ ಪೂರ್ತಿ ಬಾಗಿದ್ದಾರೆ ಅನ್ನಲು ಬರುವುದಿಲ್ಲ. ಬ್ರಿಟನ್ನಿಗೆ ಬೇಡ ಅನ್ನಬಹುದಾದರೆ ಟ್ರಂಪ್‌ಗೂ ಅನ್ನಬಹುದಿತ್ತಲ್ಲ ಅಂತ ಕೇಳಿದರೆ, ಹೌದು, ನನಗೂ ಅದೇ ನೋವು.

ಚಿಂತಾಮಣಿ_ಕೋಡರ್

ಎಲ್ಲರಿಗೂ ಥ್ಯಾಂಕ್ಸ್. ಎಚ್‌ಕೆಮ್ಯಾಪ್ ಮತ್ತು ಐಸ್‌ಬ್ಲಾಕ್ ಹೋಲಿಕೆ ನನಗೆ ಹೊಳೆದಿರಲಿಲ್ಲ, ಮೇಡಂ. ಚಿನ್ನಕ್ಕಿಂತ ಅದು ಜಾಸ್ತಿ ಕೆಟ್ಟದ್ದು ಅಂತ ಈಗ ಅನಿಸುತ್ತಿದೆ.

ನಂದಿಬೆಟ್ಟದವರೇ, ಫ್ಯಾಕ್ಟರಿಯ ಹೆಣ್ಣುಮಕ್ಕಳ ಕೆಲಸ ಉಳಿಯಬೇಕು, ಅದರಲ್ಲಿ ಎರಡು ಮಾತಿಲ್ಲ. ಸುಂಕದ ಬಗ್ಗೆ ಮಾತಾಡಲು ಶ್ವೇತಭವನಕ್ಕೆ ಹೋದದ್ದಕ್ಕೆ ನನ್ನ ತಕರಾರಿಲ್ಲ. ಆದರೆ ಸ್ವಂತ ಜೇಬಿನ 10 ಲಕ್ಷ ಡಾಲರ್ ಯಾವ ಹುಡುಗಿಯ ಕೆಲಸ ಉಳಿಸಿತು? ಐಸ್‌ಬ್ಲಾಕ್ ತೆಗೆದಿದ್ದಕ್ಕೂ ದೊಡ್ಡಬಳ್ಳಾಪುರಕ್ಕೂ ಏನು ಸಂಬಂಧ? ಇನ್ನೊಂದು ವಿಷಯ. 2023ರಲ್ಲಿ ನಮ್ಮ ವಿಧಾನಸಭೆ ಕಾರ್ಖಾನೆ ಕಾಯ್ದೆ ತಿದ್ದಿ ದಿನಕ್ಕೆ 12 ಗಂಟೆ ದುಡಿಮೆಗೆ ಅವಕಾಶ ಕೊಟ್ಟಿತು, ಅದರ ಹಿಂದೆ ಆಪಲ್ ಮತ್ತು ಫಾಕ್ಸ್‌ಕಾನ್ ಒತ್ತಾಯ ಇತ್ತು ಅಂತ ಆಗ ಪತ್ರಿಕೆಗಳಲ್ಲಿ ಬಂದಿತ್ತು. ಆ ಹುಡುಗಿಯರ ಹೆಸರು ಹೇಳಿ ಎಲ್ಲವನ್ನೂ ಸಮರ್ಥಿಸುವ ಮೊದಲು ಅವರಿಗೆ ಏನು ಬೇಕು ಅಂತ ಕೇಳಬೇಕು. ನೀವು ಅಲ್ಲೇ ಹತ್ತಿರ ಇದ್ದೀರಿ. ಶಿಫ್ಟ್, ಹಾಸ್ಟೆಲ್, ಬಸ್ಸು ಹೇಗಿದೆ ಅಂತ ಅವರನ್ನೇ ಕೇಳಿ ಬರೆಯುತ್ತೀರಾ?