ಪದಚರ್ಚೆ: ಒಣಗಿದ ಕಟಿಗಿ ನೀರು ಕುಡದು ಬಿಗಿ ಆಗೋದಕ್ಕ ನಿಮ್ಮ ಕಡೆ ಏನಂತಾರ?

ಎಲ್ಲರಿಗೂ ನಮಸ್ಕಾರ್ರೀ, ಗಂಗಾವತಿಯಿಂದ ಬರಿಯಾಕತ್ತೀನಿ. ನನಗ ಒಂದು ಪದ ಬೇಕಾಗೇತಿ, ಅದರ ಜೋಡಿ ಇನ್ನೂ ಎರಡು ಮೂರು ಸಣ್ಣ ಅನುಮಾನ ಅದಾವ. ಯಾಕ ಬೇಕು ಅನ್ನೋದು ಮೊದಲು ಹೇಳ್ತೀನಿ, ಇಲ್ಲಂದ್ರ ಯಾರರ ನಿಘಂಟು ತೆಗೆದು ಒಂದು ಸಂಸ್ಕೃತ ಪದ ಕೊಟ್ಟುಬಿಡ್ತೀರಿ, ಅದನ್ನ ತಗೊಂಡು ನಾನು ಬಡಿಗರ ಮುಂದ ಹೋಗಿ ನಿಂತ್ರ ಕೆಲಸ ಆಗಂಗಿಲ್ಲ.

ನನ್ನ ತಮ್ಮ ಹೈದರಾಬಾದಿನಾಗ ಇರ್ತಾನ, ಅಲ್ಲಿ ಹುಸೇನ್ ಸಾಗರದಾಗ ಹಾಯಿದೋಣಿ ನಡೆಸೋದು ಕಲ್ತಾನ, ಹೋದ ವರ್ಷ ಯಾರೋ ಮಾರಾಕ ಇಟ್ಟಿದ್ದ ಒಂದು ಹಳೇ ಕಟಿಗಿ ದೋಣಿ ತಗೊಂಡ. 14 ಫೂಟ್ ಉದ್ದ ಐತಿ, ಹಲಗಿ ಒಂದರ ಅಂಚಿನ ಮ್ಯಾಲೆ ಒಂದು ಬರೋ ಹಂಗ ಕೂಡಿಸಿ ತಾಮ್ರದ ಮೊಳಿ ಹೊಡದದ್ದು, ಮನಿ ಮ್ಯಾಲೆ ಹಂಚು ಹೊದಿಸಿರ್ತಾರಲ್ಲ ಹಂಗ. ಶೆಡ್ಡಿನಾಗ ವರ್ಷಗಟ್ಟಲೆ ಬಿದ್ದು ಒಣಗಿ ಹಲಗಿ ನಡುವಿನ ಸಂದಿನಾಗ ಬೆಳಕು ಕಾಣ್ತಿತ್ತು. ಅಲ್ಲಿ ರಿಪೇರಿ ಮಾಡೋರನ್ನ ಕೇಳಿದ್ರ ಎಲ್ಲಾರೂ ಫೈಬರ್ ಕೆಲಸದೋರು, ಮ್ಯಾಲೆ ಒಂದು ಪದರ ಫೈಬರ್ ಹೊದಿಸಿ ಕೊಡ್ತೀವಿ ಅಂದ್ರಂತ. ಅವ ಒಪ್ಪಲಿಲ್ಲ, ಒಳಗಿನ ಕಟಿಗಿಗೆ ಗಾಳಿ ಇಲ್ಲದಂಗಾಗಿ ಕೊಳೀತದ ಅಂತ. ಕಡೀಕ ಲಾರಿ ಮ್ಯಾಲೆ ಹಾಕ್ಕೊಂಡು ಊರಿಗೆ ತಂದ, ಯಾಕಂದ್ರ ನಮ್ಮದು ಬಡಿಗೇರ ಮನೆತನ, ನಾನು ಕೆಲಸ ಕಲೀಲಿಲ್ಲ ಆದ್ರ ನಮ್ಮ ಕಾಕಾ ನಲವತ್ತು ವರ್ಷ ಚಕ್ಕಡಿ, ಕೂರಿಗಿ, ಕುಂಟಿ, ಬಾಗಲ ಚೌಕಟ್ಟು ಮಾಡಿದ ಕೈ. ದೋಣಿ ಮಾತ್ರ ಒಂದೂ ಮಾಡಿಲ್ಲ.

ಈಗ ಪದದ ವಿಷಯಕ್ಕ ಬರ್ತೀನಿ. ತಮ್ಮ ಹೈದರಾಬಾದಿನಿಂದ ಫೋನ್ ಮಾಡಿ "ಕಾಕಾ, ಆ ಸಂದು ಎಲ್ಲಾ ಮುಚ್ಚಬೇಕು ನೋಡ್ರಿ" ಅಂದ. ಬಡಿಗರ ಕಿವಿಗೆ ಮುಚ್ಚು ಅಂದ್ರ ತುಂಬು ಅಂತನ ಅರ್ಥ. ಕಾಕಾ ಒಣಗಿದ್ರ ಕಲ್ಲಿನಂಗಾಗೋ ಎಂ-ಸೀಲ್ ತರಿಸಿ ಒಂದು ಮಗ್ಗಲದ ಅರ್ಧ ಸಂದು ಅಚ್ಚುಕಟ್ಟಾಗಿ ತುಂಬಿಬಿಟ್ರು. ಐತವಾರ ತಮ್ಮ ಬಂದವ ನೋಡಿ ತಲಿಮ್ಯಾಲೆ ಕೈ ಹೊತ್ತು ಕುಂತ. ಯಾಕಂದ್ರ ಈ ಥರದ ದೋಣಿ ಸಂದನ್ನ ತುಂಬಾಕನ ಬಾರದು, ಹಲಗಿ ನೀರು ಕುಡದು ತಾನ ಉಬ್ಬಿ ಒಂದಕ್ಕೊಂದು ಒತ್ತಿ ಕುಂದರ್ತಾವ, ನಡುವ ಕಲ್ಲಿನಂಥಾದ್ದು ಏನರ ಇದ್ರ ಉಬ್ಬಿದ ಹಲಗಿಗೆ ಜಾಗ ಸಿಗದ ಮೊಳಿ ಎಳೀತದ, ಇಲ್ಲಾ ಹಲಗಿ ಸೀಳ್ತದ. ಇದನ್ನ ಅವರು ಇಂಗ್ಲಿಷಿನಾಗ ಟೇಕ್ ಅಪ್ ಅಂತಾರಂತ. ಹಾಕಿದ್ದನ್ನ ಉಳಿ ಹಿಡದು ಕೆರೆದು ತೆಗಿಯೋದಕ್ಕ ಎರಡು ದಿನ ಹೋತು, ಕಾಕಾರ ಬೆರಳು ಬಾತು ಹೋದವು. ಕಾಕಾರದು ಏನೂ ತಪ್ಪಿಲ್ಲ, ನಾವು ಕೊಟ್ಟ ಮಾತು ತಪ್ಪಿತ್ತು.

ತಮ್ಮ ಬಿಡಿಸಿ ಹೇಳಿದ ಮ್ಯಾಲೆ ಕಾಕಾ ಅಂದಿದ್ದು: "ಹಂಗಂದ್ರ ಗಾಲಿ ನೆನಿ ಹಾಕಿದಂಗ ಅನ್ನಪಾ, ಮೊದಲ ಹೇಳಬೇಕಿಲ್ಲೇನು!" ಬ್ಯಾಸಗ್ಯಾಗ ಚಕ್ಕಡಿ ಗಾಲಿ ಒಣಗಿ ಗುಂಬದಾಗಿನ ಆರಿಕಾಲು ಅಲಗಾಡ್ತಾವ, ಮ್ಯಾಲಿನ ಕಬ್ಬಿಣದ ಹಳಿ ಸಡ್ಲ ಆಗತದ, ಆಗ ಬಂಡಿ ಒಯ್ದು ಹೊಳ್ಯಾಗೋ ಕೆರ್ಯಾಗೋ ರಾತ್ರಿ ಪೂರ್ತಿ ನಿಲ್ಲಿಸ್ತಿದ್ರು, ಮುಂಜಾನೆ ಮೊದಲಿನಂಗ ಗಟ್ಟಿ. ಅಂದ್ರ ವಿದ್ಯಾ ಮನ್ಯಾಗ ಇತ್ತು, ಕರಿಯಾಕ ಹೆಸರಿರಲಿಲ್ಲ.

ನನ್ನ ಪ್ರಶ್ನೆ ಇಲ್ಲಿ ಐತಿ. "ನೆನಿ ಹಾಕು" ಅನ್ನೋದು ಮನಷಾ ಮಾಡೋ ಕೆಲಸ. ಕಟಿಗಿ ತಾನು ಮಾಡೋದಕ್ಕ ಏನನ್ನೋಣ? "ಉಬ್ಬು" ಅಂದ್ರ ನಮ್ಮ ಕಡೆ ಅದು ಕೆಟ್ಟದ್ದು, ಮಳಿಗಾಲದಾಗ ಬಾಗಲ ಉಬ್ಬೇತಿ, ಹಾಕಾಕ ಬರವಲ್ದು ಅಂತೀವಿ. "ಬಿಗಿ" ಅಂದ್ರ ಸ್ಕ್ರೂ ತಿರುವಿದ್ರೂ ಬಿಗಿ, ಹಗ್ಗ ಜಗ್ಗಿದ್ರೂ ಬಿಗಿ, ನೀರಿನ ಮಾತು ಅದರಾಗ ಬರಂಗಿಲ್ಲ. ನಾವು ದೋಣಿನ ಕೆರಿಗೆ ಒಯ್ಯಲಿಲ್ಲ, ಅಂಗಳದಾಗ ಇಟ್ಟು ಒಳಗ ಸ್ವಲ್ಪ ನೀರು ನಿಲ್ಲಿಸಿ, ರೈಸ್ ಮಿಲ್ಲಿನಿಂದ ತಂದ ಗೋಣಿಚೀಲ ತೊಯಿಸಿ ಒಳಗ ಹೊರಗ ಹೊದಿಸಿ ಹಗಲು ರಾತ್ರಿ ನೀರು ಹೊಡದ್ವಿ. ಮೊದಲನೇ ದಿನ ಹಾಕಿದ್ದೆಲ್ಲಾ ಸೋರಿ ಅಂಗಳ ರಾಡಿ ಆತು, ಮೂರನೇ ದಿನ ಕೆಳಗಿನ ಎರಡು ಹಲಗಿ ಹನಿ ಬಿಡೋದು ನಿಂತಾಗ ಕಾಕಾ ಬೆರಳಾಡಿಸಿ ನೋಡಿ "ಕೂಡೇತಿ" ಅಂದ್ರು. ಮುರಿದ ಎಲುಬು ಕೂಡೇತಿ ಅಂತೀವಲ್ಲ, ಅದ ಕೂಡು. ನನಗಂತೂ ಇದಕ್ಕಿಂತ ಒಳ್ಳೆ ಪದ ಸಿಗಂಗಿಲ್ಲ ಅನಿಸ್ತು, ಇದರಾಗ ಹೊರಗಿಂದ ಏನೂ ತುಂಬಿಲ್ಲ, ತಾನ ಬೆಳೆದು ಸೇರೇತಿ ಅನ್ನೋದು ಬರ್ತದ. ಆದ್ರ ಇದು ನಮ್ಮ ಕಾಕಾ ಆ ಹೊತ್ತಿಗೆ ಅಂದ ಮಾತೋ, ಬಡಿಗರು ಎಲ್ಲಾ ಕಡೆ ಅನ್ನೋ ಮಾತೋ? ರಾಯಚೂರು, ಸಿಂಧನೂರು, ಸಿರುಗುಪ್ಪ ಕಡೆಯೋರು ಮನ್ಯಾಗಿನ ಹಿರಿಯರನ್ನ ಕೇಳಿ ಹೇಳ್ರಿ. ಕುಂದಾಪುರ, ಹೊನ್ನಾವರ, ಕಾರವಾರದ ಕಡೆಯೋರಿಗಂತೂ ಇದು ದಿನಾ ಇರೋ ಕೆಲಸ, ದಂಡಿ ಮ್ಯಾಲೆ ಎಳೆದಿಟ್ಟು ಒಣಗಿದ ದೋಣಿ ತಿರುಗಿ ನೀರಿಗಿಳಿಸಿದಾಗ ಅದಕ್ಕ ಏನಂತೀರಿ?

ನಮ್ಮ ಭಾಗದಾಗ ಈ ಪದ ಯಾಕಿಲ್ಲ ಅನ್ನೋದಕ್ಕ ನನಗ ಅನಿಸಿದ್ದು ಹೇಳ್ತೀನಿ. 1520ರ ಸುಮಾರಿಗೆ ವಿಜಯನಗರಕ್ಕ ಬಂದಿದ್ದ ಪೋರ್ಚುಗೀಸ ಪಯಸ್ ಆನೆಗೊಂದಿಗೆ ಹೊಳಿ ದಾಟೋದನ್ನ ಬರದಾನ: ಬುಟ್ಟಿಯಂಗ ದುಂಡಗಿನ ದೋಣಿ, ಒಳಗ ಬೆತ್ತ, ಹೊರಗ ಚರ್ಮ, ಹದಿನೈದು ಇಪ್ಪತ್ತು ಮಂದಿ ಹಿಡಿತಾರ, ನೆಟ್ಟಗ ಹೋಗದ ತಿರುಗ್ತಾ ಹೋಗ್ತದ, ಈ ರಾಜ್ಯದಾಗ ಹೊಳಿ ಇದ್ದಲ್ಲೆಲ್ಲಾ ಇವನ್ನ ಬಿಟ್ರ ಬ್ಯಾರೆ ದೋಣಿ ಇಲ್ಲ ಅಂತ. ಕರಾವಳಿ ಬಿಟ್ಟು ಒಳನಾಡಿನ ಮಾತು ಅದು ಅಂತ ತಿಳಕೋಬೇಕು. ಆನೆಗೊಂದಿ ಹತ್ರದ ಸಾಣಾಪುರ ಕೆರ್ಯಾಗ ಇವತ್ತಿಗೂ ಆ ದುಂಡು ದೋಣಿ, ಅಂದ್ರ ಹರಗೋಲು, ತಿರುಗ್ತಾವ, ಚರ್ಮದ ಜಾಗಾಕ್ಕ ಪ್ಲಾಸ್ಟಿಕ್ ಹಾಳಿ ಮತ್ತ ಟಾರು ಬಂದಾವ ಅಷ್ಟ. ಹರಗೋಲಿಗೆ ಮುಂದು ಹಿಂದು ಇಲ್ಲ, ತಳದಾಗ ತೊಲಿ ಇಲ್ಲ, ಹಲಗಿ ಇಲ್ಲ, ಹಾಯಿ ಇಲ್ಲ. ಇರದ ಸಾಮಾನಿಗೆ ಪದ ಎಲ್ಲಿಂದ ಬರಬೇಕು. ಹುಟ್ಟು ಒಂದು ಐತಿ, ಅದೂ ನಮ್ಮ ಮನ್ಯಾಗ ನುಚ್ಚು ತಿರುವೋ ಹುಟ್ಟಿನ ಹೆಸರ.

ಚುಕ್ಕಾಣಿ ಕಥಿ ಇನ್ನೂ ಬ್ಯಾರೆ. ಈ ಪದ ಕಾಕಾಗ ಚೊಲೋ ಗೊತ್ತು, ಪೇಪರಿನಾಗ "ಆಡಳಿತದ ಚುಕ್ಕಾಣಿ ಹಿಡಿದರು" ಅಂತ ಓದಿ ಓದಿ ಅದು ಕುರ್ಚಿಗೆ ಇನ್ನೊಂದು ಹೆಸರು ಅಂತ ತಿಳಕೊಂಡಿದ್ರು. ದೋಣಿ ಹಿಂದಿನ ಹಲಗಿ ತೋರಿಸಿ ಇದ ಚುಕ್ಕಾಣಿ ಅಂದಾಗ ಭಾಳ ಹೊತ್ತು ಅದನ್ನ ಹಿಡಕೊಂಡು ತಿರುಗಿಸಿ ನೋಡಿದ್ರು. ಅದರ ಗೂಟ ಮತ್ತ ಬಳಿ ನೋಡಿ "ಹಳೇ ಬಾಗಲದ ತಿರುಗುಣಿ ಇದ್ದಂಗ ಐತಿ" ಅಂದು, ಹಿತ್ತಾಳಿ ತುಂಡು ಅರದಿಂದ ಉಜ್ಜಿ ಹೊಸಾದು ಮಾಡಿಕೊಟ್ರು. ಪದ ಅರಬ್ಬಿಯ ಸುಕ್ಕಾನ್ ಇಂದ ಬಂದದ್ದು, ಹಡಗಿನ ಜೋಡಿ ಬಂದು ನಮ್ಮಲ್ಲಿ ರಾಜಕೀಯದಾಗ ಉಳದೇತಿ.

ಹಾಯಿದೋಣಿ ಅಂದಾಗ್ಲೂ ಒಂದು ಗೊಂದಲ ಆತು. ನಮ್ಮ ಕಡೆ ಹೊಳಿ ದಾಟೋದಕ್ಕ ಹೊಳಿ ಹಾಯೋದು ಅಂತಾರ, ಹಂಗಾಗಿ ಕಾಕಾ ಹಾಯಿದೋಣಿ ಅಂದ್ರ ಹೊಳಿ ಹಾಯೋ ದೋಣಿ ಅಂತ ತಿಳದ್ರು, "ಎಲ್ಲಾ ದೋಣಿನೂ ಹಾಯ್ತಾವಲ್ಲೋ" ಅಂತ ಕೇಳಿದ್ರು. ತಮಿಳು ಮಲಯಾಳಂನಾಗ ಪಾಯ್ ಅಂದ್ರ ಚಾಪಿನೂ ಹೌದು ಹಾಯಿನೂ ಹೌದು, ಮೊದಲು ಚಾಪಿನ ಕಟ್ಟತಿದ್ರು ಅನ್ನೋದು ಅದರಾಗ ಕಾಣ್ತದ, ನಮ್ಮಲ್ಲಿ ಪಕಾರ ಹಕಾರ ಆಗಿ ಹಾಯಿ ಆತು. ದಾಟು ಅನ್ನೋ ಹಾಯಿ ಸೈತ ಹಳಗನ್ನಡದಾಗ ಪಾಯ್. ಎರಡೂ ಒಂದ ಥರ ಕೇಳ್ತಾವ ಆದ್ರ ಬ್ಯಾರೆ ಬೇರು ಅಂತ ನನ್ನ ಅಭಿಪ್ರಾಯ. ಒಪ್ಪದವರು ಆಧಾರ ಕೊಟ್ಟು ಬರೀರಿ, ಓದಾಕ ಕಾಯ್ತೀನಿ.

ಸಾಮಾನಿನ ವಿಷಯಕ್ಕ ಬಂದ್ರ, ಚೌಕ ಮೈಯಿನ ತಾಮ್ರದ ಮೊಳಿ ನಮ್ಮ ಯಾವ ಹಾರ್ಡ್‌ವೇರ್ ಅಂಗಡ್ಯಾಗೂ ಸಿಗಲಿಲ್ಲ. ಕಡೀಕ ಎಲೆಕ್ಟ್ರಿಕ್ ಅಂಗಡ್ಯಾಗ ಅರ್ತಿಂಗಿಗೆ ಹಾಕೋ 10 ಗೇಜಿನ ತಾಮ್ರದ ತಂತಿ ತಂದು ತುಂಡು ಮಾಡಿ, ತಾಮ್ರದ ತಗಡಿನಿಂದ ಬಿಲ್ಲಿ ಕತ್ತರಿಸಿ, ಹೊರಗಿಂದ ಒಬ್ರು ಒತ್ತಿ ಹಿಡದು ಒಳಗಿಂದ ಒಬ್ರು ಬಡದು ತಲಿ ಮಾಡಿದ್ವಿ. ಹರದ ಹಾಯಿಗೆ ಭತ್ತದ ರಾಶಿ ಮುಚ್ಚೋ ಟಾರ್ಪಲ್ ಹೊಲಿಯೋರು ತ್ಯಾಪಿ ಹಚ್ಚಿ ಕೊಟ್ರು, ಹೊಲಿಗಿ ಗಟ್ಟಿ ಐತಿ. ಹಗ್ಗದ ಹೆಸರಿನಾಗ ಮಾತ್ರ ತಮ್ಮ ನಮ್ಮನ್ನ ಸುಸ್ತು ಮಾಡಿದ. ಹಾಯಿ ಜಗ್ಗೋ ಹಗ್ಗಕ್ಕ ಅವರು ಶೀಟ್ ಅಂತಾರ! "ಶೀಟ್ ಬದಲಿ ಮಾಡಬೇಕು" ಅಂದಾಗ ಕಾಕಾ ಯಾವ ತಗಡು ಅಂತ ಹುಡುಕಾಕತ್ತಿದ್ರು. ಆದ್ರ ಕೆಲಸಕ್ಕೊಂದು ಹಗ್ಗ, ಹಗ್ಗಕ್ಕೊಂದು ಹೆಸರು ಅನ್ನೋದು ಅವರಿಗೆ ಹೊಸಾದಲ್ಲ, ಕರುವಿಗೆ ಕಟ್ಟೋದು ಕಣ್ಣಿ, ಮೂಗಿಗೆ ಹಾಕೋದು ಮೂಗುದಾರ, ಬಾವಿ ನೀರು ಎತ್ತೋ ಚರ್ಮದ ಚೀಲಕ್ಕ ಕಟ್ಟೋದು ಮಿಣಿ. ಅದಕ್ಕ ಈಗ ನಮ್ಮ ಅಂಗಳದಾಗ ಹಾಯಿ ಏರಿಸೋ ಹಗ್ಗ ಮಿಣಿ, ಹಾಯಿ ಅಂಕೆಯಾಗ ಇಡೋ ಹಗ್ಗ ಮೂಗುದಾರ. ದೋಣಿ ಮುಂದಿನ ತುದಿಗೆ ಚಕ್ಕಡಿ ಮುಂದಿನ ಮೂಕಿ ಹೆಸರ, ಮೂಕಿ ಕಡೆ ಅಂತೀವಿ.

ಇನ್ನ ಉಳದದ್ದು ಕೂವೆಮರ. ಹಾಯಿ ಕಟ್ಟೋ ಕಂಬಕ್ಕ ಈ ಪದ ನಿಘಂಟಿನಾಗ ಐತಿ, ಬಾಯಾಗ ಕೇಳಿದವರು ಯಾರರ ಅದೀರೇನು? ಕಾಕಾ ಅದನ್ನ ಗಳ ಅಂತಾರ, ಹಂಗ ಚೀಟಿ ಬರದು ಕೊಟ್ಟು ಹುಡುಗನ್ನ ಕಟಿಗಿ ಅಡ್ಡೆಗೆ ಕಳಿಸಿದ್ರ ಅವರು ಬಿದಿರು ಕಟ್ಟಿ ಕೊಟ್ಟು ಕಳಿಸಿದ್ರು. ಹಳೇ ಕಂಬ ಬುಡದಾಗ ಒಂದು ಗೇಣು ಕೊಳತದ, ಮುಂದಿನ ವಾರ ತುಂಡು ಬೆಸಿಯೋದು ಐತಿ, ಅಷ್ಟರೊಳಗ ಒಂದು ಪದ ಸಿಕ್ರ ಈ ಸಲ ಚೀಟ್ಯಾಗ ಅದನ್ನ ಬರದು ಕಳಿಸ್ತೀನಿ.