ಮನೆ ಶೆಡ್ಡಿಗೆ ಮೊದಲು ಯಾವ ಟೂಲು? ಹಳೆ ಲೇತ್ ತಗೊಳ್ಳಲಾ?

ಕೊಪ್ಪಳದಿಂದ, ಕೇಳಿದವರು:

ಎಲ್ಲರಿಗೂ ನಮಸ್ಕಾರ. ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ಐಟಿಐ ಓದಿಲ್ಲ. ಆದರೆ ಕಬ್ಬಿಣದ ಕೆಲಸ ಕಲಿಯುವ ಆಸೆ ಚಿಕ್ಕಂದಿನಿಂದ ಇದೆ. ಮನೆ ಹಿಂದೆ 10 ಅಡಿಗೆ 12 ಅಡಿಯ ತಗಡಿನ ಶೆಡ್ ಇದೆ. ಸಿಂಗಲ್ ಫೇಸ್ ಕರೆಂಟ್. ಹೊಲದ ಸಾಮಾನು ನಾನೇ ರಿಪೇರಿ ಮಾಡಬೇಕು, ಮುಂದೆ ಒಂದು ಪುಟ್ಟ ಉಗಿ ಎಂಜಿನ್ ಮಾದರಿ ಮಾಡಬೇಕು ಅಂತ ಮನಸ್ಸು. ಕೈಯಲ್ಲಿ 60 ಸಾವಿರ ಇದೆ. ಪರಿಚಯದವರೊಬ್ಬರು ನಾಲ್ಕೂವರೆ ಅಡಿಯ ಹಳೆ ಲೇತನ್ನು (ಲೋಹವನ್ನು ತಿರುಗಿಸಿ ಕತ್ತರಿಸುವ ಮಷಿನ್) 45 ಸಾವಿರಕ್ಕೆ ಕೊಡುತ್ತೇನೆ ಎನ್ನುತ್ತಿದ್ದಾರೆ. ತಗೊಳ್ಳಲಾ? ಉಳಿದ 15 ಸಾವಿರದಲ್ಲಿ ಬೇರೆ ಟೂಲು ಬರುತ್ತವಾ?

ರಾಯಚೂರಿನಿಂದ, ನಿವೃತ್ತ ಫಿಟ್ಟರ್:

ಮೇಷ್ಟ್ರೇ, ಲೇತ್ ಈಗಲೇ ಬೇಡ. ನಿಮ್ಮ ಆಸೆಗೆ ಅಡ್ಡ ಬರುತ್ತಿಲ್ಲ, ಕ್ರಮ ಹೇಳುತ್ತಿದ್ದೇನೆ. ಹಿಡಿಯುವ ಸಾಮಾನು, ಅಳೆಯುವ ಸಾಮಾನು ಮೊದಲು. ಕೊರೆಯುವುದು ಆಮೇಲೆ. ತಿರುಗಿಸುವ ಮಷಿನ್ ಕೊನೆಗೆ.

ನಾನು ಕೆಲಸಕ್ಕೆ ಸೇರಿದಾಗ ಮೊದಲ ತಿಂಗಳು ಕೈಗೆ ಕೊಟ್ಟದ್ದು ಒಂದು ಎಂಎಸ್ (ಮೆದು ಉಕ್ಕು) ತುಂಡು, ಒಂದು ಅರ (ಉಜ್ಜಿ ಸವೆಸುವ ಫೈಲ್). ಆರು ಮುಖವೂ ಮಟ್ಟಕ್ಕೆ ಬರಬೇಕು, ಮೂಲೆಮಟ್ಟ ಇಟ್ಟರೆ ಬೆಳಕು ಕಾಣಬಾರದು. ಮೂರು ಸಲ ತಿರಸ್ಕರಿಸಿದರು. ಆಗ ಅಳು ಬಂದಿತ್ತು. ಆದರೆ ಆಮೇಲೆ ಮಾಡಿದ ಪ್ರತಿ ಕೆಲಸಕ್ಕೂ ಆ ತುಂಡೇ ಆಧಾರವಾಯಿತು.

ವೈಸಿಗೆ, ಅಂದರೆ ತುಂಡು ಬಿಗಿಹಿಡಿಯುವ ದವಡೆಗೆ, ದುಡ್ಡು ಹಾಕಿ. 6 ಇಂಚಿನದು ಸಾಕು, 4 ಇಂಚಿನದು ಹೊಲದ ಸಾಮಾನಿಗೆ ಚಿಕ್ಕದಾಗುತ್ತದೆ. ಅಂಗಡಿಯಲ್ಲಿ ಪೂರ್ತಿ ತೆರೆದು ಓಡುವ ದವಡೆಯನ್ನು ಕೈಯಿಂದ ಅಲ್ಲಾಡಿಸಿ ನೋಡಿ. ಜಾಸ್ತಿ ಅಲುಗಾಡಿದರೆ ಬಿಡಿ. ಆಮೇಲೆ ಮುಚ್ಚಿ, ಎರಡು ದವಡೆ ಉದ್ದಕ್ಕೂ ಕೂಡುತ್ತವಾ ನೋಡಿ. ಮೇಜು ಭಾರ ಇರಬೇಕು, ಕಾಲು ನೆಲಕ್ಕೆ ಬೋಲ್ಟ್ ಆದರೆ ಇನ್ನೂ ಒಳ್ಳೆಯದು. ನೀವು ನಿಂತು ಕೈ ಮಡಚಿದರೆ ವೈಸಿನ ತಲೆ ಮೊಣಕೈ ಮಟ್ಟಕ್ಕೆ ಬರಬೇಕು. ಹಿತ್ತಾಳೆ, ಅಲ್ಯೂಮಿನಿಯಂ ಹಿಡಿಯುವಾಗ ದವಡೆಗೆ ಅಲ್ಯೂಮಿನಿಯಂ ಆಂಗಲ್ ತುಂಡು ಹಾಕಿ, ಗೀರು ಬೀಳುವುದಿಲ್ಲ.

ಅರ ಐದು ಸಾಕು: 10 ಇಂಚಿನ ಚಪ್ಪಟೆ ಬ್ಯಾಸ್ಟರ್ಡ್ (ಒರಟು ಹಲ್ಲು), 8 ಇಂಚಿನ ಚಪ್ಪಟೆ ಸೆಕೆಂಡ್ ಕಟ್ (ಅದಕ್ಕಿಂತ ನಯ), ಅರ್ಧಗುಂಡು, ಗುಂಡು, ಮುಮ್ಮೂಲೆ. ಜೆ.ಕೆ. ಕಂಪನಿಯದನ್ನೇ ನಾನು ಬದುಕಿಡೀ ಬಳಸಿದ್ದು. ಹಿಡಿ ಹಾಕದೆ ಅರ ಹಿಡಿಯಬೇಡಿ, ಬಾಲದ ಚೂಪು ಅಂಗೈಗೆ ಹೊಕ್ಕುತ್ತದೆ. ಹೊಸ ಅರವನ್ನು ಮೊದಲು ಸ್ವಲ್ಪ ದಿನ ಹಿತ್ತಾಳೆಗೆ ಬಳಸಿ, ಆಮೇಲೆ ಎಂಎಸ್‌ಗೆ. ಹಲ್ಲಿಗೆ ಸೀಮೆಸುಣ್ಣ ಉಜ್ಜಿ, ಪುಡಿ ಸಿಕ್ಕಿಕೊಳ್ಳುವುದು ಕಡಿಮೆಯಾಗುತ್ತದೆ. ಅದು ನಿಮ್ಮ ಶಾಲೆಯಲ್ಲೇ ಇದೆ. ಮುಂದಕ್ಕೆ ತಳ್ಳುವಾಗ ಮಾತ್ರ ಒತ್ತಿ. ಹಿಂದೆ ಎಳೆಯುವಾಗಲೂ ಒತ್ತಿದರೆ ಹಲ್ಲು ಮೊಂಡಾಗುತ್ತದೆ.

ಹ್ಯಾಕ್ಸಾ ಬ್ಲೇಡು ಇಂಚಿಗೆ 24 ಹಲ್ಲಿನದು ಬಹುತೇಕ ಕೆಲಸಕ್ಕೆ ಆಗುತ್ತದೆ. ದಪ್ಪ ಸರಳಿಗೆ 18, ತೆಳು ತಗಡಿಗೆ 32. ಕಡಿಮೆ ಅಂದರೆ ಮೂರು ಹಲ್ಲು ಯಾವಾಗಲೂ ಲೋಹದ ಮೇಲೆ ಕೂತಿರಬೇಕು, ಇಲ್ಲದಿದ್ದರೆ ಹಲ್ಲು ಮುರಿಯುತ್ತವೆ.

ಇನ್ನು ಅಳತೆ. ಇಲ್ಲಿ ಉಳಿಸಲು ಹೋಗಬೇಡಿ. 150 ಮಿ.ಮೀ. ವರ್ನಿಯರ್ (ಒಳ, ಹೊರ ಅಳತೆ ತೆಗೆಯುವ ಜಾರು ಸ್ಕೇಲ್), 0.02 ಓದುವಂಥದ್ದು, ಹೆಸರಿರುವ ಕಂಪನಿಯದು, ಬಿಲ್ ಕೊಡುವ ಅಂಗಡಿಯಿಂದ. ಮುಚ್ಚಿ ಬೆಳಕಿಗೆ ಹಿಡಿದರೆ ದವಡೆ ನಡುವೆ ಗೆರೆ ಬೆಳಕು ಬರಬಾರದು, ಸೊನ್ನೆ ಸೊನ್ನೆಗೆ ಕೂಡಬೇಕು. ಇನ್ನೊಂದು ಉಪಾಯ ಹೇಳುತ್ತೇನೆ. ಹೊಸ 6204 ಬೇರಿಂಗ್ ಒಂದು ಜೇಬಿನಲ್ಲಿಟ್ಟುಕೊಂಡು ಅಂಗಡಿಗೆ ಹೋಗಿ. ಒಳಗಿನ ತೂತು 20, ಹೊರಗೆ 47, ದಪ್ಪ 14 ಮಿ.ಮೀ. ಒಳ್ಳೆ ಕಂಪನಿಯ ಬೇರಿಂಗಿನ ಒಳ, ಹೊರ ಅಳತೆ ನಿಮ್ಮ ವರ್ನಿಯರ್ ಕಾಣುವುದಕ್ಕಿಂತ ನಿಖರವಾಗಿರುತ್ತದೆ, ದಪ್ಪ ಅಷ್ಟು ನಿಖರವಲ್ಲ. ಒಳ, ಹೊರ ಎರಡೂ ಅಳತೆ ಸರಿ ಬಂದರೆ ತಗೊಳ್ಳಿ.

ನಮ್ಮ ಕಡೆ ಬೇಸಿಗೆಯಲ್ಲಿ ತಗಡಿನ ಕೆಳಗೆ ಎಲ್ಲವೂ ಕಾದಿರುತ್ತದೆ. ವರ್ನಿಯರ್, ಜಾಬ್ (ಕೆಲಸದ ತುಂಡು) ಎರಡೂ ಒಂದೇ ಬಿಸಿಯಲ್ಲಿದ್ದರೆ ಉಕ್ಕಿನ ಕೆಲಸಕ್ಕೆ ತೊಂದರೆ ಇಲ್ಲ, ಎರಡೂ ಒಟ್ಟಿಗೆ ಹಿಗ್ಗುತ್ತವೆ. ಆದರೆ ಆಗ ತಾನೇ ಕೊರೆದ ಬಿಸಿ ಜಾಬ್ ಅಳೆಯಬೇಡಿ. 100 ಮಿ.ಮೀ. ಉಕ್ಕು 20 ಡಿಗ್ರಿ ಜಾಸ್ತಿ ಕಾದರೆ ಸುಮಾರು 0.02 ಹಿಗ್ಗುತ್ತದೆ. ಅಲ್ಯೂಮಿನಿಯಂ ಅದರ ಎರಡರಷ್ಟು.

ಕೊರೆಯುವುದಕ್ಕೆ 13 ಮಿ.ಮೀ. ಬೆಂಚ್ ಡ್ರಿಲ್. ಕೊರೆಯುವ ಬಿಟ್ಟಿನ ದೊಡ್ಡ ಡಬ್ಬಿ ಸುಮ್ನೆ ತಗೋಬೇಡಿ, ಅರ್ಧಕ್ಕರ್ಧ ಬಳಸುವುದೇ ಇಲ್ಲ. ಬಿಡಿಯಾಗಿ ಒಳ್ಳೆಯವು ತಗೊಳ್ಳಿ: 3.3, 4.2, 5, 6.8, 8.5. ಇವು ಎಂ4, ಎಂ5, ಎಂ6, ಎಂ8, ಎಂ10 ಟ್ಯಾಪಿನ ತೂತುಗಳು. ಟ್ಯಾಪ್ ಅಂದರೆ ತೂತಿನೊಳಗೆ ಚೂಡಿ (ಬೋಲ್ಟ್ ಕೂರುವ ಸುರುಳಿ ಗೆರೆ) ಕೊರೆಯುವ ಟೂಲು. ಲೆಕ್ಕ ನಿಮಗೆ ಹೇಳಬೇಕಿಲ್ಲ: ಬೋಲ್ಟಿನ ಅಳತೆಯಿಂದ ಪಿಚ್ (ಚೂಡಿಯ ಒಂದು ಗೆರೆಯಿಂದ ಮುಂದಿನದಕ್ಕೆ ಇರುವ ದೂರ) ಕಳೆಯಿರಿ. ಎಂ6ಕ್ಕೆ ಪಿಚ್ 1, ಅದಕ್ಕೆ 5. ಎಂ8ಕ್ಕೆ 1.25, ಅದಕ್ಕೆ 6.8. ವೇಗವೂ ಲೆಕ್ಕವೇ. ಎಂಎಸ್‌ನಲ್ಲಿ 10 ಮಿ.ಮೀ. ಬಿಟ್ಟಿಗೆ ನಿಮಿಷಕ್ಕೆ ಸುಮಾರು 800 ಸುತ್ತು, 5 ಮಿ.ಮೀ.ಗೆ ಅದರ ಎರಡರಷ್ಟು. ಹೊಸಬರೆಲ್ಲ ದೊಡ್ಡ ಬಿಟ್ಟನ್ನು ಜೋರಾಗಿ ಓಡಿಸಿ ಸುಟ್ಟುಹಾಕುತ್ತಾರೆ.

ಬಳ್ಳಾರಿಯಿಂದ, ಲೇತ್ ಶಾಪ್ ನಡೆಸುವವರು:

ಅಣ್ಣನವರು ಹೇಳಿದ ಕ್ರಮ ಸರಿ. ಆದರೆ ಉಗಿ ಎಂಜಿನ್ ಮಾಡಬೇಕು ಅನ್ನುವವರಿಗೆ ಒಂದು ದಿನ ಲೇತ್ ಬೇಕೇ ಬೇಕು. ಸಿಲಿಂಡರ್ ಒಳಗನ್ನು ಅರದಿಂದ ಗುಂಡಗೆ ಮಾಡಲು ಆಗುವುದಿಲ್ಲ ಅಲ್ವಾ? ಹಾಗಾಗಿ ಹೋಗಿ ನೋಡಿ ಬನ್ನಿ ಎನ್ನುತ್ತೇನೆ. ನೋಡುವುದು ಹೇಗೆ ಅಂತ ಹೇಳುತ್ತೇನೆ.

ಪೇಂಟ್ ನೋಡಬೇಡಿ. ಹಳೆ ಲೇತಿನಲ್ಲಿ ಬೆಡ್ (ಕೆಳಗಿನ ಉದ್ದ ಹಾಸು) ಸವೆಯುವುದು ಜಾಬ್ ಹಿಡಿದು ತಿರುಗುವ ಚಕ್ಕಿನ ಹತ್ತಿರ, ಏಕೆಂದರೆ ಹೆಚ್ಚು ಕೆಲಸ ಆಗುವುದೇ ಅಲ್ಲಿ. ಸ್ಯಾಡಲನ್ನು (ಟೂಲ್ ಹೊತ್ತು ಬೆಡ್ ಮೇಲೆ ಓಡುವ ಭಾಗ) ಚಕ್ ಹತ್ತಿರ ತಂದು ಅದರ ಕೆಳಗಿನ ಪಟ್ಟಿ ಬಿಗಿ ಮಾಡಿಸಿ, ಬಿಗಿಯಾಗಿ ಆದರೆ ಸಲೀಸಾಗಿ ಓಡುವಷ್ಟು. ಈಗ ಟೇಲ್‌ಸ್ಟಾಕ್ ಕಡೆ (ಬೆಡ್ಡಿನ ಇನ್ನೊಂದು ತುದಿಗೆ) ಓಡಿಸಿ. ಅಲ್ಲಿ ಸಿಕ್ಕಿಕೊಂಡು ನಿಂತರೆ ಬೆಡ್ ಸವೆದಿದೆ ಅಂತ ಅರ್ಥ. ಆಮೇಲೆ ಡಯಲ್ ಗೇಜನ್ನು (ಸಣ್ಣ ಅಲುಗಾಟವನ್ನೂ ಮುಳ್ಳಿನಿಂದ ತೋರಿಸುವ ಸಾಮಾನು) ಚಕ್ ತಿರುಗಿಸುವ ಸ್ಪಿಂಡಲ್ ಮೇಲಿಟ್ಟು, ಚಕ್ ಕೆಳಗೆ ಕಟ್ಟಿಗೆ ಕೊಟ್ಟು ಮೇಲಕ್ಕೆ ಎತ್ತಿ. ಮುಳ್ಳು ಎಷ್ಟು ಓಡುತ್ತದೆ ನೋಡಿ. ಬೇರಿಂಗ್ ಬಿಗಿ ಮಾಡಿಯೂ ಅದು ನಿಲ್ಲದಿದ್ದರೆ ಆ ಮಷಿನ್ ಬೇಡ.

ನಾನು ಮೊದಲ ಲೇತ್ ತಂದಾಗ ಮಾಡಿದ ತಪ್ಪು ಬೇರೆ. ಮಷಿನ್ ಚೆನ್ನಾಗಿತ್ತು. ಮಾರಿದವರು ಎಲ್ಲಾ ಸಾಮಾನು ಜೊತೆಗಿದೆ ಎಂದರು, ನಾನು ಎಣಿಸಲಿಲ್ಲ. ಮನೆಗೆ ತಂದು ನೋಡಿದರೆ ಚೂಡಿ ಕೊರೆಯುವ ಚೇಂಜ್ ಗೇರು ಅರ್ಧ ಇಲ್ಲ, ನಾಲ್ಕು ದವಡೆ ಚಕ್ ಇಲ್ಲ, ಉದ್ದ ಜಾಬಿಗೆ ಆಸರೆ ಕೊಡುವ ಸ್ಟೆಡಿ ಇಲ್ಲ. ಹಳೆ ಗೇರಿನ ಹಲ್ಲಿಗೆ ಹೊಂದುವ ಗೇರು ಹುಡುಕಲು ಎಂಟು ತಿಂಗಳು ಅಲೆದೆ. ಬೆಂಗಳೂರಿನ ಎಸ್.ಪಿ. ರೋಡ್, ಹೈದರಾಬಾದ್ ಕಡೆ ರಾಣಿಗಂಜ್, ಎರಡೂ ಸುತ್ತಿದೆ. ಅದಕ್ಕೇ ಹೇಳುತ್ತೇನೆ ಸರ್, ಲೇತಿನ ರೇಟು ಬರೀ ಲೇತಿನ ರೇಟಲ್ಲ. ಚಕ್, ಡ್ರಿಲ್ ಚಕ್, ಸೆಂಟರ್, ಟೂಲ್, ಸಾಣೆ ಮಷಿನ್ ಎಲ್ಲಾ ಸೇರಿದರೆ ಮಷಿನ್ನಿನ ಅರ್ಧ ದುಡ್ಡು ಸುಲಭವಾಗಿ ಹೋಗುತ್ತದೆ. 60ರಲ್ಲಿ 45 ಅಲ್ಲಿಗೇ ಹಾಕಿದರೆ ಲೇತ್ ಸುಮ್ಮನೆ ನಿಂತಿರುತ್ತದೆ.

ಮೋಟಾರ್ ಕೂಡ ಕೇಳಿ. ಮೂರು ಫೇಸಿನದಾದರೆ ಮನೆಯ ಸಿಂಗಲ್ ಫೇಸನ್ನು ಮೂರು ಫೇಸ್ ಮಾಡಿಕೊಡುವ ವಿಎಫ್‌ಡಿ ಹಾಕಬೇಕು, ಇಲ್ಲವೇ 1 ಎಚ್‌ಪಿ ಸಿಂಗಲ್ ಫೇಸ್ ಮೋಟಾರ್ ಕೂರಿಸಬೇಕು. ಮನೆ ಮೀಟರಿನ ಮಂಜೂರಾದ ಲೋಡ್ ಎಷ್ಟಿದೆ ಅಂತ ಜೆಸ್ಕಾಂ ಕರೆಂಟ್ ಬಿಲ್ಲಿನಲ್ಲೇ ನೋಡಿಕೊಳ್ಳಿ.

ಟೂಲಿನ ವಿಷಯಕ್ಕೆ ಬಂದರೆ, ಕಾರ್ಬೈಡ್ ಮೊನೆಯ ಟೂಲ್ ಹಿಂದೆ ಓಡಬೇಡಿ. ಹಳೆ ಸಣ್ಣ ಲೇತಿಗೆ ಹೈಸ್ಪೀಡ್ ಉಕ್ಕಿನ, ಅಂದರೆ ಎಚ್‌ಎಸ್‌ಎಸ್ ಬಿಟ್ಟೇ ಚೆಂದ. ಕಡಿಮೆ ವೇಗದಲ್ಲೂ ಕತ್ತರಿಸುತ್ತದೆ, ಮೊಂಡಾದರೆ ನೀವೇ ಸಾಣೆ ಹಿಡಿಯಬಹುದು. ಕಾರ್ಬೈಡಿಗೆ ಹಸಿರು ಕಲ್ಲು ಬೇರೆ ಬೇಕು, ಜಾಬ್ ನಡುಗಿದರೆ ಮೂಲೆ ಹಾರುತ್ತದೆ. ಮಿರಾಂಡಾ ಕಂಪನಿಯ ನಾಲ್ಕು ಬಿಟ್ ತಗೊಂಡು ಒಂದು ಫೇಸಿಂಗಿಗೆ (ತುದಿ ಮಟ್ಟ ಮಾಡಲು), ಒಂದು ಟರ್ನಿಂಗಿಗೆ (ಹೊರಮೈ ಗುಂಡಗೆ ಮಾಡಲು), ಒಂದು ಕಟ್ ಮಾಡಲು, ಒಂದು ಚೂಡಿಗೆ ಸಾಣೆ ಹಿಡಿಯಿರಿ. ಮೊದಲ ಬಿಟ್ ಹಾಳಾದರೂ ಪರವಾಗಿಲ್ಲ, ಕೈ ಕಲಿಯುತ್ತದೆ. ಟೂಲಿನ ಮೊನೆ ಸೆಂಟರ್ ಎತ್ತರಕ್ಕೆ ಇದೆಯಾ ತಿಳಿಯಲು, ಗುಂಡು ಜಾಬಿಗೂ ಮೊನೆಗೂ ನಡುವೆ ಉಕ್ಕಿನ ಸ್ಕೇಲ್ ಇಟ್ಟು ಮೆಲ್ಲಗೆ ಒತ್ತಿ. ಸ್ಕೇಲ್ ನೆಟ್ಟಗೆ ನಿಂತರೆ ಸರಿ. ವಾಲಿದರೆ ಕೆಳಗೆ ತಗಡಿನ ಚೂರು ಹಾಕಿ ಏರಿಸಿ, ಇಲ್ಲವೇ ಇಳಿಸಿ.

ಲೇತ್ ಇಳಿಸುವಾಗ ಭಾರ ಎತ್ತುವ ಚೈನ್ ಬ್ಲಾಕಿನ ಪ್ರತಿ ಕೊಂಡಿ ಕಣ್ಣಿಟ್ಟು ನೋಡಿ. 2024ರ ಆಗಸ್ಟ್ 10ರ ರಾತ್ರಿ ಟಿ.ಬಿ. (ತುಂಗಭದ್ರಾ) ಡ್ಯಾಮಿನ 19ನೇ ಗೇಟ್ ಕೊಚ್ಚಿಹೋದದ್ದು ಚೈನ್ ತುಂಡಾಗಿ. ಅಷ್ಟು ದೊಡ್ಡ ಚೈನಿಗೇ ಹಾಗಾಯಿತು. ಭಾರದ ಕೆಳಗೆ ಯಾರೂ ಕೈ ಕಾಲು ಇಡಬೇಡಿ.

ಗಂಗಾವತಿಯಿಂದ, ವರ್ಕ್‌ಶಾಪ್ ಕಲಿಸುವವರು:

ಸರ್, ಇಬ್ಬರೂ ಚೆನ್ನಾಗಿ ಹೇಳಿದ್ದಾರೆ. ಆದರೆ ಪಟ್ಟಿಯಲ್ಲಿ ಕಣ್ಣು ಕಾಯುವ ಕನ್ನಡಕ ಇಲ್ಲವಲ್ಲ! ಎಲ್ಲಕ್ಕಿಂತ ಮೊದಲು ಅದು. ಎರಡು ತಗೊಳ್ಳಿ, ಒಂದು ನಿಮಗೆ, ಒಂದು ನೋಡಲು ಬರುವ ಮಗುವಿಗೆ.

ಡ್ರಿಲ್, ಲೇತ್ ಓಡುವಾಗ ಕೈಗವಸು ಬೇಡವೇ ಬೇಡ. ಬಟ್ಟೆ ಸಿಕ್ಕಿದರೆ ಕೈಯನ್ನೇ ಎಳೆದುಕೊಳ್ಳುತ್ತದೆ. ತುಂಬುತೋಳು, ಟವೆಲ್, ಸೆರಗು, ಬಿಟ್ಟ ಜಡೆ ಯಾವುದೂ ಬೇಡ. ನಾನು ಜಡೆಯನ್ನು ಟೋಪಿಯೊಳಗೆ ಕಟ್ಟಿಯೇ ಮಷಿನ್ ಮುಟ್ಟುತ್ತೇನೆ, ವಿದ್ಯಾರ್ಥಿನಿಯರಿಗೂ ಅದೇ ನಿಯಮ. ಚಕ್ ಕೀ ಬಳಸಿದ ಕೂಡಲೇ ತೆಗೆಯಿರಿ, ಅದು ಚಕ್ಕಿನಲ್ಲಿರುವಾಗ ಕೈ ಬಿಡಲೇಬೇಡಿ. ಡ್ರಿಲ್ ಮಾಡುವ ತುಂಡನ್ನು ಕೈಯಲ್ಲಿ ಹಿಡಿಯಬೇಡಿ. ತೂತು ಆಚೆ ಹೊರಬರುವ ಹೊತ್ತಿಗೆ ಬಿಟ್ ಕಚ್ಚಿಕೊಳ್ಳುತ್ತದೆ, ತುಂಡು ಫ್ಯಾನಿನಂತೆ ತಿರುಗುತ್ತದೆ. ಡ್ರಿಲ್ಲಿಗೆ ಅಂತಲೇ ಚಿಕ್ಕ ವೈಸ್ ತಗೊಳ್ಳಿ.

ಆಂಗಲ್ ಗ್ರೈಂಡರ್ ತಗೊಳ್ಳುತ್ತೀರಿ ಅಂತ ಗೊತ್ತು, ಎಲ್ಲರೂ ತಗೊಳ್ಳುತ್ತಾರೆ. ಡಿಸ್ಕ್ ಮೇಲೆ ಬರೆದ ಸುತ್ತು ಮಷಿನ್ನಿನ ಸುತ್ತಿಗಿಂತ ಜಾಸ್ತಿ ಇರಬೇಕು. ತಾರೀಖು ಮುಗಿದ ಡಿಸ್ಕ್ ಬೇಡ. ಗಾರ್ಡ್ ಬಿಚ್ಚಬೇಡಿ. ನಮ್ಮದು ಹತ್ತಿ ಬೆಳೆಯುವ ಸೀಮೆ, ಶೆಡ್ಡಿನಲ್ಲಿ ಹತ್ತಿ ಚೀಲ, ಒಣ ಕಟ್ಟಿಗೆ ಇಟ್ಟಿರುತ್ತೇವೆ. ಕಿಡಿ ಬಹಳ ದೂರ ಹೋಗುತ್ತದೆ, ಹತ್ತಿಯೊಳಗೆ ಬಿದ್ದರೆ ತಕ್ಷಣ ಕಾಣುವುದಿಲ್ಲ, ರಾತ್ರಿ ಹೊತ್ತಿಕೊಳ್ಳುತ್ತದೆ. ಚೀಲಗಳನ್ನು ಬೇರೆ ಕಡೆ ಇಡಿ. ಕೆಲಸ ಮುಗಿದ ಮೇಲೆ ಅರ್ಧ ಗಂಟೆ ಅಲ್ಲೇ ಇರಿ.

ತಗಡಿನ ಶೆಡ್ ಅಂದಿರಿ. ಅರ್ಥಿಂಗ್ ಸರಿ ಮಾಡಿಸಿ, ಕರೆಂಟ್ ಸೋರಿದರೆ ತಕ್ಷಣ ಕಡಿಯುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಹಾಕಿಸಿ. ಇದನ್ನು ಟೂಲ್ ಲೆಕ್ಕದಲ್ಲೇ ಸೇರಿಸಿಕೊಳ್ಳಿ ಸರ್.

ಕೊಪ್ಪಳದಿಂದ, ಕೇಳಿದವರು, ಎರಡು ವಾರದ ನಂತರ:

ಎಲ್ಲರಿಗೂ ಮನಸಾರೆ ಧನ್ಯವಾದ. ಲೇತ್ ನೋಡಿಬಂದೆ. ಸ್ಯಾಡಲ್ ಬಿಗಿ ಮಾಡಿಸಿ ಓಡಿಸಿದೆವು, ಅರ್ಧಕ್ಕೇ ನಿಂತಿತು. ಗೇರು ಎಣಿಸಿದರೆ ಐದೇ ಇದ್ದವು. ಬಿಟ್ಟುಬಂದೆ. ಪರಿಚಯದವರು ಬೇಸರ ಮಾಡಿಕೊಳ್ಳಲಿಲ್ಲ, ಅವರಿಗೂ ಅದು ಗೊತ್ತಿರಲಿಲ್ಲವಂತೆ.

ವೈಸ್, ಅರ, ವರ್ನಿಯರ್, ಬೆಂಚ್ ಡ್ರಿಲ್, ಗ್ರೈಂಡರ್, ಎಂ5, ಎಂ6, ಎಂ8 ಟ್ಯಾಪ್, ಆರ್‌ಸಿಸಿಬಿ, ಎರಡು ಕನ್ನಡಕ ತಂದೆ. ಬೇರಿಂಗ್ ಒಯ್ದಿದ್ದೆ. ಮೊದಲು ತೋರಿಸಿದ ವರ್ನಿಯರ್ 47ಕ್ಕೆ 46.9 ತೋರಿಸಿತು, ಎರಡನೆಯದು ಸರಿ ಬಂತು. ಇನ್ನೂ 22 ಸಾವಿರ ಉಳಿದಿದೆ. ಎಂಎಸ್ ತುಂಡಿನ ಎರಡು ಮುಖ ಮಟ್ಟಕ್ಕೆ ಬಂದಿವೆ, ಮೂರನೆಯದು ನಡುವೆ ಉಬ್ಬುತ್ತಲೇ ಇದೆ.

ಒಂದು ಕಷ್ಟ. ಹಿತ್ತಾಳೆ ತುಂಡಿನಲ್ಲಿ ಎಂ6 ಟ್ಯಾಪ್ ಮುರಿದು ಒಳಗೇ ಉಳಿದಿದೆ. ತೂತು 5 ಮಿ.ಮೀ.ಯೇ ಇತ್ತು. ತೆಗೆಯುವುದು ಹೇಗೆ?

ರಾಯಚೂರಿನಿಂದ, ನಿವೃತ್ತ ಫಿಟ್ಟರ್:

ಲೇತ್ ಬಿಟ್ಟುಬಂದದ್ದು ಒಳ್ಳೆಯದಾಯಿತು. ಆ 22 ಸಾವಿರ ಮುಟ್ಟಬೇಡಿ, ಮುಂದಿನ ಲೇತಿಗೆ ಇರಲಿ. ಬೇಕಾದರೆ ಅದರಲ್ಲಿ ಒಂದು ಡಯಲ್ ಗೇಜ್ ಮಾತ್ರ ತಗೊಳ್ಳಿ, ಲೇತ್ ನೋಡಲು ಹೋಗುವಾಗ ಅದೇ ಬೇಕು. ಮುಖ ಉಬ್ಬುವುದು ಅರ ತೂಗುತ್ತಿರುವುದರಿಂದ. ತಳ್ಳುವ ಶುರುವಿನಲ್ಲಿ ಎಡಗೈ ಭಾರ ಜಾಸ್ತಿ, ಕೊನೆಯಲ್ಲಿ ಬಲಗೈ ಭಾರ ಜಾಸ್ತಿ ಇರಲಿ. ಮೂಲೆಯಿಂದ ಮೂಲೆಗೆ ಅಡ್ಡಡ್ಡ ಉಜ್ಜಿ, ಉಬ್ಬು ಎಲ್ಲಿದೆ ಅಂತ ಗೆರೆಯೇ ತೋರಿಸುತ್ತದೆ.

ಟ್ಯಾಪ್ ಮುರಿದದ್ದು ಹಿಂದಕ್ಕೆ ತಿರುಗಿಸದೆ ಹೋದದ್ದರಿಂದ ಇರಬೇಕು. ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ. ಚೂರು ಮುರಿದ ಸಪ್ಪಳ ಕೈಗೆ ತಿಳಿಯುತ್ತದೆ. ಒಂದೇ ಅಳತೆಯ ಸೆಟ್ಟಿನ ಮೂರು ಟ್ಯಾಪನ್ನೂ ಸರದಿಯಲ್ಲಿ ಬಳಸಿ, ನೇರವಾಗಿ ಮೂರನೆಯದಕ್ಕೆ ಹೋಗಬೇಡಿ.

ತುಂಡು ಹಿತ್ತಾಳೆಯದು ಅಂದಿರಲ್ಲ, ಹಾಗಾದರೆ ಉಳಿಯುತ್ತದೆ. ಕಿರಾಣಿ ಅಂಗಡಿಯ ಪಟಕ (ಆಲಂ) ತನ್ನಿ. ಗಾಜಿನ ಪಾತ್ರೆಯಲ್ಲಿ ಬಿಸಿನೀರಿಗೆ ಕರಗುವಷ್ಟು ಹಾಕಿ ಜಾಬನ್ನು ಮುಳುಗಿಸಿ. ಟ್ಯಾಪ್ ಇರುವ ತೂತಿನ ಬಾಯಿ ಮೇಲಕ್ಕಿರಲಿ. ಪಾತ್ರೆಯನ್ನು ನೀರು ತುಂಬಿದ ದೊಡ್ಡ ಬೋಗುಣಿಯಲ್ಲಿಟ್ಟು ಸಣ್ಣ ಉರಿಯಲ್ಲಿ ಬಿಸಿಯಾಗಿಯೇ ಇಡಿ, ಆರಿದರೆ ಕೆಲಸ ನಿಧಾನವಾಗುತ್ತದೆ. ಕಿಟಕಿ ತೆರೆದಿರಲಿ. ಟ್ಯಾಪಿನಿಂದ ಸಣ್ಣ ಗುಳ್ಳೆ ಏಳುತ್ತವೆ. ಪಟಕ ಉಕ್ಕನ್ನು ತಿನ್ನುತ್ತದೆ, ಹಿತ್ತಾಳೆಯನ್ನು ಹಾಗೇ ಬಿಡುತ್ತದೆ. ಗಂಟೆಗಟ್ಟಲೆ ಬೇಕು, ಎಚ್‌ಎಸ್‌ಎಸ್ ಟ್ಯಾಪ್ ಆದರೆ ಇನ್ನೂ ಜಾಸ್ತಿ. ಗುಳ್ಳೆ ನಿಂತಾಗ ಹೊಸ ನೀರು, ಹೊಸ ಪಟಕ ಹಾಕಿ. ಟ್ಯಾಪ್ ಕಪ್ಪಾಗಿ ಸಡಿಲವಾದ ಮೇಲೆ ಸೂಜಿಯಿಂದ ಎಬ್ಬಿಸಿ. ಎಂಎಸ್ ಜಾಬಿನಲ್ಲಿ ಮುರಿದರೆ ಮಾತ್ರ ಇದನ್ನು ಮಾಡಬೇಡಿ, ಜಾಬೂ ಕರಗುತ್ತದೆ.