ಸೋಲಾರ್ ಕೆಲಸಕ್ಕೆ ಯಾವ ಪಿಕಪ್ ತಗೊಳ್ಳಲಿ?

ಪ್ರಶ್ನೆ (ನಾಗರಬಾವಿ, ಬೆಂಗಳೂರು)
ಎಲ್ಲರಿಗೂ ನಮಸ್ಕಾರ. ಒಂಬತ್ತು ವರ್ಷದಿಂದ ಮನೆಗಳಿಗೆ ಸೋಲಾರ್ ವಾಟರ್ ಹೀಟರ್ ಹಾಕೋ ಕೆಲಸ ನಂದು. ಇಲ್ಲೀವರೆಗೂ ಬಾಡಿಗೆ ಗಾಡೀಲೇ ಸಾಮಾನು ಸಾಗಿಸ್ತಿದ್ದೆ. ಹೋದ ತಿಂಗಳು ಮಾಗಡಿ ರಸ್ತೆಯ ಹಂಪ್ ಒಂದರಲ್ಲಿ ಗಾಡಿ ಎಗರಿ, ಹತ್ತು ಗಾಜಿನ ಟ್ಯೂಬಿನ ಬಾಕ್ಸಲ್ಲಿ ನಾಲ್ಕು ಪುಡಿ. ಬಾಕ್ಸ್ ಎತ್ತಿದರೆ ಒಳಗೆ ಗೆಜ್ಜೆ ಅಲ್ಲಾಡಿದ ಸದ್ದು. ಮಾರನೇ ದಿನ ಆ ಮನೆಯವರ ಗೃಹಪ್ರವೇಶ. ನೆಂಟರಿಗೆಲ್ಲ ಹಂಡೇಲಿ ನೀರು ಕಾಯಿಸಿದರು. ಇವತ್ತಿಗೂ ಅದು ನೆನಪಾದರೆ ಹೊಟ್ಟೆ ಸಂಕಟ ಆಗುತ್ತೆ.

ಇನ್ನು ಸ್ವಂತ ಗಾಡಿ ಬೇಕೇ ಬೇಕು. ಟ್ಯಾಂಕ್, ಟ್ಯೂಬು, ಸ್ಟ್ಯಾಂಡು, 20 ಅಡಿ ಜಿಐ ಪೈಪು, ಜೊತೆಗೆ ಇಬ್ಬರು ಹುಡುಗರು. ಎರಡು ಸಾಲು ಸೀಟಿರೋ ಪಿಕಪ್ ಇಸುಜು ವಿ-ಕ್ರಾಸ್ ಮೇಲೆ ಮನಸ್ಸಿದೆ, ಭಾನುವಾರ ಮನೆಯವರನ್ನೂ ಕರ್ಕೊಂಡು ಹೋಗಬಹುದು. ಏನಂತೀರಾ?

ಉತ್ತರ (ಪೀಣ್ಯ, ಫ್ಯಾಬ್ರಿಕೇಶನ್)
ಸರ್, ಮೊದಲು ಟೇಪ್ ಹಿಡೀರಿ. ನಿಮ್ಮ ಟ್ಯೂಬು 1.8 ಮೀಟರ್, ಅಂದ್ರೆ ಹತ್ತಿರ ಹತ್ತಿರ ಆರಡಿ. ವಿ-ಕ್ರಾಸ್ ಹಿಂದಿನ ತೊಟ್ಟಿ ಐದಡಿ ಆಸುಪಾಸು. ಡೋರ್ ಮುಚ್ಚೋದೇ ಇಲ್ಲ. ಗಾಡಿ ಉದ್ದ 5.3 ಮೀಟರ್ ಬೇರೆ, ಹಾರ್ಡ್‌ವೇರ್ ಅಂಗಡಿಗಳ ಎಸ್‌ಜೆಪಿ ರಸ್ತೇಲಿ ನಿಲ್ಲಿಸೋಕೆ ಜಾಗ ಹುಡುಕೋಷ್ಟರಲ್ಲಿ ಅರ್ಧ ದಿನ ಹೋಗುತ್ತೆ.

ಟಾಟಾ ಇಂಟ್ರಾ ವಿ30 ನೋಡಿ. ಎಂಟೂಮುಕ್ಕಾಲು ಅಡಿ ಉದ್ದ, ಐದೂಕಾಲು ಅಡಿ ಅಗಲ. ಬೊಲೆರೊ ಪಿಕಪ್ಪೂ ಗಟ್ಟಿ. ಒಂದು ಮಾತು ಮಾತ್ರ ಮರೀಬೇಡಿ: ಇವುಗಳ ಪಟ್ಟಿ ಸ್ಪ್ರಿಂಗು ಒಂದು ಟನ್ನಿನ ಮೇಲಿನ ಭಾರಕ್ಕೆ ಮಾಡಿದ್ದು. ನಿಮ್ಮ ಲೋಡು ಮುನ್ನೂರು ಕೆಜಿ ದಾಟಲ್ಲ, ಅಷ್ಟಕ್ಕೆ ಸ್ಪ್ರಿಂಗು ಬಗ್ಗಲ್ಲ, ಹಾಗಾಗಿ ಯಾವ ಗಾಡಿ ತಗೊಂಡ್ರೂ ಎಗರುತ್ತೆ. ಸ್ಟ್ಯಾಂಡಿನ ಕಬ್ಬಿಣ ಹಿಂದಿನ ಆಕ್ಸಲ್ ಮೇಲೆ ಬರಲಿ. ಟ್ಯೂಬು ಕ್ಯಾಬಿನ್ನಿಗೆ ಒತ್ತಿ, ಕೆಳಗೆ ಹಳೇ ಹಾಸಿಗೆ ಹಾಕಿ. ಹಿಂದಿನ ತುದಿಗಿಂತ ಅಲ್ಲಿ ಕುಲುಕಾಟ ಎಷ್ಟೋ ಕಮ್ಮಿ.

ಉತ್ತರ (ಮೈಸೂರು)
ಹುಡುಗರನ್ನ ದಯವಿಟ್ಟು ತೊಟ್ಟೀಲಿ ಕೂರಿಸಬೇಡಿ. ಆರ್‌ಸಿಯಲ್ಲಿ ಎಷ್ಟು ಸೀಟು ಬರೆದಿದೆಯೋ ಅಷ್ಟೇ ಜನ. ಹೆಚ್ಚುಕಮ್ಮಿ ಆದರೆ ಇನ್ಶೂರೆನ್ಸ್‌ನವರು ಮೊದಲು ಕೇಳೋದೇ ಅದನ್ನ. ಪೈಪು ಹಿಂದೆ ಚಾಚಿಕೊಂಡಿದ್ದರೆ ಮೋಟಾರು ವಾಹನ ಕಾಯ್ದೆಯ 194(1ಎ) ಪ್ರಕಾರ 20,000 ರೂಪಾಯಿ ದಂಡ. ಅಂಗಡೀಲೇ ಅರ್ಧಕ್ಕೆ ಕತ್ತರಿಸಿ ಥ್ರೆಡ್ ಹಾಕಿಸಿ. ಹತ್ತಡಿ ತುಂಡು ಓರೆಯಾಗಿ ಮಲಗಿಸಿದರೆ ಇಂಟ್ರಾ ಒಳಗೇ ಕೂರುತ್ತೆ. ಇನ್ನು ಯೆಲ್ಲೋ ಬೋರ್ಡ್ (ವಾಣಿಜ್ಯ ಗಾಡಿ) ಅಂತ ಹೆದರಬೇಡಿ. ಒಟ್ಟು ತೂಕ 7,500 ಕೆಜಿ ಒಳಗಿನ ಗೂಡ್ಸ್ ಗಾಡಿಗೆ ಎಲ್‌ಎಂವಿ (ಕಾರಿನಂಥ ಲಘು ವಾಹನದ) ಲೈಸೆನ್ಸ್ ಸಾಕು ಅಂತ 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಎಂಟು ವರ್ಷದವರೆಗೆ ಎರಡು ವರ್ಷಕ್ಕೊಂದು ಸಲ ಎಫ್‌ಸಿ (ಗಾಡಿ ಓಡಿಸೋಕೆ ಯೋಗ್ಯ ಅನ್ನೋ ಸರ್ಟಿಫಿಕೇಟ್), ಅಷ್ಟೇ.

ಪ್ರಶ್ನೆ ಕೇಳಿದವರು
ತುಂಬಾ ಉಪಕಾರ ಆಯ್ತು. ಇವತ್ತು ಟ್ಯೂಬಿನ ಖಾಲಿ ಬಾಕ್ಸ್ ಹೊತ್ಕೊಂಡೇ ಶೋರೂಮಿಗೆ ಹೋಗಿದ್ದೆ. ವಿ-ಕ್ರಾಸಲ್ಲಿ ಒಂದು ಗೇಣು ಹೊರಗೆ ಉಳೀತು. ಇಂಟ್ರಾದಲ್ಲಿ ಮಲಗಿಸಿ ಡೋರ್ ಹಾಕಿದೆ, ಮುಚ್ಚಿಕೊಳ್ತು. ಒಬ್ಬ ಹುಡುಗ ನನ್ನ ಜೊತೆ, ಇನ್ನೊಬ್ಬ ಬೈಕಲ್ಲಿ ಬರ್ತಾನೆ. ಸೋಮವಾರ ಅಡ್ವಾನ್ಸ್ ಕೊಡ್ತೀನಿ.